ಹೋರಿಗೆ ಹೊಲಿದ ಉಣ್ಣೆಯ ಚೀಲ

ಅಪ್ಪ ಈಗ ಮೆಲ್ಲಗೆ ಮಾತಾಡುತ್ತಾನೆ. ಕಂಡವರೆಲ್ಲ ಹೊಗಳುವುದೇ ಹೊಗಳುವುದು. “ನಿಮ್ಮಪ್ಪ ಎಷ್ಟು ಬದಲಾಗಿಬಿಟ್ಟ ನೋಡು, ವಯಸ್ಸು ಎಂಥವರನ್ನೂ ಹಣ್ಣು ಮಾಡುತ್ತೆ” ಎಂದು ಚಿಕ್ಕಪ್ಪ ಮೊನ್ನೆ ಕೂಡ ಹೇಳಿ ಹೋದ. ನಾನು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಎದ್ದು ಹೋದೆ. ವಯಸ್ಸಂತೆ, ಹಣ್ಣಂತೆ. ಅಪ್ಪನ ಬಾಯಿ ಹೇಗೆ ಮುಚ್ಚಿತು ಎಂದು ಗೊತ್ತಿಲ್ಲದವರು ಹೀಗೆ ಬಾಯಿಗೆ ಬಂದದ್ದು ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಉರಿ ನಮ್ಮ ಮನೆಯ ಆಸ್ತಿ. ಅಪ್ಪನಿಗೆ ಕೆಲಸದ ಜಾಗದಲ್ಲಿ ಇದ್ದ ಹೆಸರೇ ಉರಿಯಣ್ಣ. ಕೆಲವರಿಗೆ ಮೂಗಿನ ತುದಿಯಲ್ಲಿ ಕೋಪ ಇರುತ್ತದಂತೆ, ಅಪ್ಪನಿಗೆ ಮೂಗಿಗಿಂತ ಒಂದು ಗೇಣು ಮುಂದೆಯೇ ಇತ್ತು. ಕಂಡಕ್ಟರ್ ಒರಟಾಗಿ ಮಾತಾಡಿದರೆ ಬಸ್ಸೇ ನಿಲ್ಲಬೇಕು. ಕ್ಷೌರದಂಗಡಿಯವನು ಕಿವಿಯ ಪಕ್ಕ ಒಂದೆಳೆ ಹೆಚ್ಚು ಕತ್ತರಿಸಿದನೆಂದು ಅರ್ಧ ತಲೆಯಲ್ಲೇ ಎದ್ದು ಬಂದಿದ್ದ. ಉಳಿದರ್ಧವನ್ನು ಅಮ್ಮ ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಮುಗಿಸಿದಳು. ನಾವು ಬಾಡಿಗೆ ಮನೆ ಬಿಟ್ಟು ಬಿಟ್ಟು ಹೋದದ್ದೆಲ್ಲ ಅವನ ನಾಲಿಗೆಯ ದೆಸೆಯಿಂದ. ತಪ್ಪು ನನ್ನದು ಎಂಬ ಮಾತನ್ನು ಮಾತ್ರ ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ದಾರಿಯಲ್ಲಿ ಎಡವಿದರೂ ಬೈಸಿಕೊಳ್ಳುತ್ತಿದ್ದದ್ದು ಕಲ್ಲೇ.

ಊರ ಹೊರಗಿನ ಹೋರಿ ಕೇಂದ್ರದಲ್ಲಿ ಅವನು ಹೋರಿ ನೋಡಿಕೊಳ್ಳುವವನು. ಅಲ್ಲಿ ಸಾಕಿದ ಹೋರಿಗಳ ವೀರ್ಯ ತೆಗೆದು, ಪರೀಕ್ಷಿಸಿ, ಸಣ್ಣ ಕೊಳವೆಗಳಲ್ಲಿ ತುಂಬಿ, ಹೆಪ್ಪುಗಟ್ಟಿಸಿ ಹಸು ಸಾಕುವವರಿಗೆ ಕಳಿಸುತ್ತಾರೆ. ನಾನು ಹೀಗೆ ನೇರವಾಗಿ ಹೇಳಿಬಿಟ್ಟೆ. ಅಪ್ಪ ಮನೆಯಲ್ಲಿ ಒಂದು ದಿನವೂ ಹೀಗೆ ಹೇಳಲಿಲ್ಲ. ಹೆಣ್ಣುಮಗಳ ಮುಂದೆ ಅದಕ್ಕೆ ‘ಸರಕು’ ಎಂದು ಹೆಸರು. “ಇವತ್ತು ಸರಕು ಚೆನ್ನಾಗಿ ಬಂತು” ಎನ್ನುತ್ತಾ ಊಟಕ್ಕೆ ಕೂರುತ್ತಿದ್ದ. ಶಾಲೆಯಲ್ಲಿ ಟೀಚರ್ ಕೇಳಿದಾಗ ನನ್ನಪ್ಪ ಲಾರಿಯಲ್ಲಿ ಸರಕು ಸಾಗಿಸುತ್ತಾನೆ ಎಂದಿದ್ದೆ. ನಾನು ನಂಬಿದ್ದೂ ಹಾಗೆಯೇ.

ಆ ಕೇಂದ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಹೋರಿಯ ಹೆಸರು ಪುಟ್ಟ. ಹಾಲು ಬಿಡಿಸಿದ ಕರುವಾಗಿ ಬಂದ ದಿನ ಅಪ್ಪ ಇಟ್ಟ ಹೆಸರು. ಮೈ ಬೆಳೆದು ಬಾಗಿಲು ತುಂಬಿತು, ಹೆಸರು ಬೆಳೆಯಲಿಲ್ಲ. ಬೇರೆ ಯಾರು ಹಗ್ಗ ಹಿಡಿದರೂ ಪುಟ್ಟ ಕಾಲೂರಿ ನಿಂತುಬಿಡುತ್ತಿತ್ತು. ಅಪ್ಪ ಗೇಟಿನಲ್ಲಿ ಯಾರನ್ನಾದರೂ ಬೈಯುವ ದನಿ ಕೇಳಿದರೆ ಸಾಕು, ಕೊಟ್ಟಿಗೆಯ ಆ ತುದಿಯಿಂದ ಗುಟುರು ಹಾಕಿ ಉತ್ತರ ಕೊಡುತ್ತಿತ್ತು. ಅಪ್ಪನಲ್ಲಿ ಇದ್ದ ಮೆದು ಮಾತೆಲ್ಲ ಅದಕ್ಕೆ ಮೀಸಲು. “ಹೆತ್ತಿದ್ದು ಇವಳನ್ನ, ಮುದ್ದು ಮಾಡೋದು ಅದನ್ನ” ಎಂದು ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಗೊಣಗುತ್ತಿದ್ದಳು. ಅವಳು ಬೀದಿಯವರಿಗೆಲ್ಲ ಬಟ್ಟೆ ಹೊಲಿಯುತ್ತಾಳೆ.

ಕೊಟ್ಟಿಗೆಗೂ ಪ್ರಯೋಗಾಲಯಕ್ಕೂ ನಡುವೆ ಒಂದು ಸಣ್ಣ ಕಿಟಕಿ ಇದೆ. ಹೋರಿಯಿಂದ ತೆಗೆದ ಸರಕನ್ನು ಗಾಜಿನ ನಳಿಗೆಯಲ್ಲಿ ಆ ಕಿಟಕಿಗೆ ತಂದು ಕೊಡಬೇಕು. ಆಚೆ ಬದಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಒಬ್ಬ ಹೆಂಗಸು ಕೂತಿರುತ್ತಾಳೆ. ಅಪ್ಪ ಅವಳನ್ನು ಗಾಜಿನಮ್ಮ ಎಂದು ಕರೆಯುತ್ತಿದ್ದ. ಅವಳಿಗೂ ಅವನಿಗೂ ಎಣ್ಣೆ ಸೀಗೆಕಾಯಿ.

ಒಂದು ಚಳಿಗಾಲದ ಬೆಳಿಗ್ಗೆ ಅಪ್ಪ ಪುಟ್ಟನ ನಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಉಗ್ರಾಣದವನ ಜೊತೆ ಹುಲ್ಲಿನ ವಿಷಯಕ್ಕೆ ಜಗಳಕ್ಕೆ ನಿಂತ. ಹುಲ್ಲು ಒದ್ದೆಯಾಗಿತ್ತಂತೆ. ಜಗಳ ಮುಗಿಸಿ ಕಿಟಕಿಗೆ ಬರುವಷ್ಟರಲ್ಲಿ ನಳಿಗೆ ತಣ್ಣಗಾಗಿತ್ತು. ಗಾಜಿನಮ್ಮ ಒಂದು ಹನಿ ಇಟ್ಟು ನೋಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ದ್ರಾವಣ ಬೆರೆಸೋ ಮೊದ್ಲೇ ತಣ್ಣಗಾದ್ರೆ ಇವು ಸಾಯ್ತವೆ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ? ಬೆಚ್ಚಗಿರ್ಬೇಕು. ಕಿಟಕಿ ಮುಟ್ಟೋವರೆಗೂ ಬೆಚ್ಚಗಿರ್ಬೇಕು. ನಿಮ್ಮ ಬಾಯಲ್ಲಿರೋ ಬಿಸಿ ಕೈಯಲ್ಲಿ ಇದ್ದಿದ್ರೆ ಇವತ್ತು ಇವು ಬದುಕ್ತಿದ್ವು.”

ಕೊಟ್ಟಿಗೆಯ ಆಳುಗಳೆಲ್ಲ ನಕ್ಕರು. ಅಪ್ಪ ಆ ದಿನ ಮನೆಗೆ ಬಂದು ಗಾಜಿನಮ್ಮನ ಏಳು ತಲೆಮಾರನ್ನು ಜಾಲಾಡಿದ. ಮರುದಿನದಿಂದ ನಳಿಗೆಯನ್ನು ಸ್ವೆಟರಿನೊಳಗೆ, ಕಂಕುಳಿನಲ್ಲಿ ಇಟ್ಟುಕೊಂಡು ಕಿಟಕಿಗೆ ಓಡುತ್ತಿದ್ದ. ಮಾತು ಅಷ್ಟು ತಾಗಿತ್ತು. ತಾಗಿದ ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅದು ತಲೆಯೊಳಗೆ ಕೂತು ಮರಿ ಹಾಕಿತು.

“ಹೊರಗೆ ಬಂದ ಮೇಲೆ ಚಳಿ ತಾಗಿದ್ರೆ ಸಾಯ್ತವೆ ಅಂತಾಳೆ. ಒಳಗಿರೋವಾಗ ಮಾತ್ರ ಚಳಿ ಆಗಲ್ವಾ? ಇಡೀ ರಾತ್ರಿ ಆ ಸಿಮೆಂಟ್ ನೆಲದ ಮೇಲೆ ಮಲಗ್ತಾನೆ ನನ್ನ ಪುಟ್ಟ” ಎಂದು ಅಮ್ಮನ ಮುಂದೆ ಬಂದು ನಿಂತ. “ಒಂದು ಚೀಲ ಹೊಲಿದು ಕೊಡು. ಉಣ್ಣೇದು.”

“ಚೀಲ ಯಾತಕ್ಕೆ?”

ಅಪ್ಪ ನನ್ನ ಕಡೆ ನೋಡಿ, ಗೋಡೆಯ ಕಡೆ ತಿರುಗಿ, ಎರಡು ಕೈಯಲ್ಲಿ ಅಳತೆ ತೋರಿಸಿದ. ಅಮ್ಮ ಯಂತ್ರ ನಿಲ್ಲಿಸಿದಳು.

“ಹೋರಿಗೆ ಚಡ್ಡೀನಾ?”

“ಚಡ್ಡಿ ಅಲ್ಲ ಕಣೇ, ಚೀಲ. ಮೇಲೆ ಉದ್ದ ಲಾಡಿ ಇರ್ಲಿ, ಬೆನ್ನ ಮೇಲೆ ತಂದು ಕಟ್ಟೋಕೆ.”

ಅಮ್ಮನೂ ನಾನೂ ನಕ್ಕು ನಕ್ಕು ಸುಸ್ತಾದೆವು. ನಗುತ್ತಲೇ ಅವಳು ಹಳೆಯ ಸ್ವೆಟರುಗಳನ್ನು ಬಿಚ್ಚಿ, ಎರಡು ಪದರದ ನಡುವೆ ಹತ್ತಿ ತುಂಬಿ, ಚೆಂದದ ಚೀಲ ಹೊಲಿದಳು. ಅಪ್ಪ ಸಂಜೆ ಮನೆಗೆ ಹೊರಡುವ ಮೊದಲು ಅದನ್ನು ಪುಟ್ಟನ ವೃಷಣಕ್ಕೆ ತೊಡಿಸಿ ಬರುತ್ತಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಬಿಚ್ಚುತ್ತಿದ್ದ. ಬೇರೆ ಯಾರಾದರೂ ಅಲ್ಲಿಗೆ ಕೈ ಹಾಕಿದ್ದರೆ ಹೋರಿ ಒದ್ದು ಸೊಂಟ ಮುರಿಯುತ್ತಿತ್ತು. ಅಪ್ಪನಿಗೆ ಸುಮ್ಮನೆ ಕಾಲಗಲಿಸಿ ನಿಲ್ಲುತ್ತಿತ್ತಂತೆ.

ಸ್ವಲ್ಪ ದಿನದಲ್ಲೇ ಪುಟ್ಟನ ಸರಕು ಕೆಟ್ಟಿತು. ಕಿಟಕಿಯಿಂದ ಬರುವ ಮಾತು ದಿನೇ ದಿನೇ ಕಹಿಯಾಯಿತು: ಅರ್ಧದಷ್ಟು ವೀರ್ಯಾಣು ಅಲ್ಲಾಡುತ್ತಿಲ್ಲ, ಬಾಲ ಸೊಟ್ಟಗಿದೆ, ಹೆಪ್ಪುಗಟ್ಟಿಸಲು ಬಾರದು, ಚೆಲ್ಲಿ. ಅಪ್ಪ ಮನೆಗೆ ಬಂದು ಏನು ಹೇಳಿದ ಗೊತ್ತೇ? “ಚಳಿ ಜಾಸ್ತಿ ಆಗಿದೆ. ಇನ್ನೊಂದು ಪದರ ಹೊಲಿ.” ಅಮ್ಮ ಹೊಲಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮನೆ ನಮ್ಮದು. ಒಬ್ಬರಿಗೂ ಯಾಕೆ ಎಂದು ಕೇಳಬೇಕೆನಿಸಲಿಲ್ಲ.

ಕೇಂದ್ರದ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಅವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಪುಟ್ಟ ವಜಾ ಎಂದರು. ಹೋರಿ ಕೇಂದ್ರದಲ್ಲಿ ಆ ಮಾತಿಗೆ ಒಂದೇ ಅರ್ಥ. ಕೆಲಸಕ್ಕೆ ಬಾರದ ಹೋರಿಯನ್ನು ಲಾರಿ ಬಂದು ಕಸಾಯಿಖಾನೆಗೆ ಒಯ್ಯುತ್ತದೆ. ಮುಂದಿನ ವಾರ ಲಾರಿ ಬರುತ್ತದೆ ಎಂದಾಯಿತು.

ಆಗ ನಾನು ಕೆಲಸ ಬಿಟ್ಟು ಮನೆಯಲ್ಲಿದ್ದೆ. ಮೇಲಧಿಕಾರಿಯ ಜೊತೆ ಜಗಳವಾಡಿ ಬಿಟ್ಟದ್ದು. ಉರಿ ಆಸ್ತಿ ಎಂದೆನಲ್ಲ, ನನ್ನ ಪಾಲೂ ಬಂದಿದೆ. ದಿನವೂ ಅಪ್ಪನಿಗೆ ಊಟದ ಡಬ್ಬಿ ಒಯ್ಯುವುದು ನನ್ನ ಪಾಲಿನ ಕೆಲಸವಾಗಿತ್ತು. ಆ ಮಧ್ಯಾಹ್ನ ಹೋದಾಗ ಗಾಜಿನಮ್ಮ ತಾನೇ ಕೊಟ್ಟಿಗೆಗೆ ಬಂದಿದ್ದಳು. ಪುಟ್ಟನ ಮೈ ಮುಟ್ಟಿ ನೋಡುತ್ತಿದ್ದಳು. ಅಪ್ಪ ಅವಳ ಹಿಂದೆ ಮುಂದೆ ಸುತ್ತುತ್ತಾ ಕೂಗುತ್ತಿದ್ದ.

“ನಿಮ್ಮ ಗಾಜೇ ಸರಿ ಇಲ್ಲ ಮೇಡಂ. ಕುಣಿಯಲಾರದವಳಿಗೆ ನೆಲ ಡೊಂಕು. ಗಾಜು ಒರೆಸಿ ನೋಡಿ ಮೊದಲು.”

“ಒರೆಸಿನೇ ನೋಡಿದ್ದೀನಿ. ಬೇರೆ ಹೋರಿಗಳದ್ದು ಚೆನ್ನಾಗೇ ಕಾಣಿಸ್ತಿದೆ. ಕೇಳಿ ಇಲ್ಲಿ, ನಾನೂ ಇದನ್ನ ಉಳಿಸೋಕೇ ಬಂದಿರೋದು” ಎಂದಳು. ಅವಳ ದನಿಯೂ ಏರಿತ್ತು. “ಇವನ ವೃಷಣದಲ್ಲಿ ವೀರ್ಯಾಣು ಹುಟ್ತಾನೇ ಇವೆ. ಹುಟ್ಟೋದ್ರಲ್ಲಿ ತೊಂದರೆ ಇಲ್ಲ. ಬಲಿಯೋ ದಾರೀಲಿ ಏನೋ ಕೆಟ್ಟಿದೆ.”

“ದಾರಿ ಅಂತೆ. ಯಾವ ದಾರಿ?”

“ಹುಟ್ಟಿದ ಜಾಗ ಬಿಟ್ಟು ಹೊರಡುವಾಗ ಅವಕ್ಕೆ ಏನೂ ಬರಲ್ಲ ಅಣ್ಣ. ಬಾಲ ಇದೆ, ಈಜೋಕೆ ಬರಲ್ಲ. ಹಸುವಿನ ಮೊಟ್ಟೆ ಎದುರಿಗೇ ಇದ್ರೂ ಒಳಗೆ ಹೋಗೋಕೆ ಬರಲ್ಲ. ವೃಷಣದ ಪಕ್ಕಕ್ಕೆ ಅಂಟಿಕೊಂಡ ಹಾಗೆ ಒಂದು ನಳಿಗೆ ಇದೆ, ನೂಲಿನ ಉಂಡೆ ಥರ ಸುತ್ತಿಕೊಂಡಿರುತ್ತೆ. ಬಿಚ್ಚಿ ಎಳೆದ್ರೆ ಈ ಕೊಟ್ಟಿಗೆಯ ಆ ಗೋಡೆ ಮುಟ್ಟುತ್ತೆ. ಅದ್ರೊಳಗೆ ಇವು ಈಜ್ಕೊಂಡು ಹೋಗಲ್ಲ, ನಳಿಗೆನೇ ತಳ್ಳಿಕೊಂಡು ಹೋಗುತ್ತೆ. ಹೋಗ್ತಾ ಹೋಗ್ತಾ ಮೈಮೇಲೆ ಹೊಸ ಲೇಪ ಹತ್ತುತ್ತೆ. ಕತ್ತಿನ ಹತ್ರ ಹುಟ್ಟುವಾಗ ಉಳಿದ ಹನಿಯಂಥ ಒಂದು ತೊಟ್ಟು ಅಂಟಿಕೊಂಡಿರುತ್ತೆ, ಅದು ಬಾಲದ ಕಡೆ ಜಾರಿ ಆಮೇಲೆ ಉದುರುತ್ತೆ. ಈಜೋ ಶಕ್ತಿ ಬರೋದು ಆ ದಾರೀಲೇ.”

ಅಪ್ಪ ಮುಖ ತಿರುಗಿಸಿದ. ಮಗಳ ಮುಂದೆ ಹೆಂಗಸೊಬ್ಬಳು ಇದನ್ನೆಲ್ಲ ಹೇಳುತ್ತಿದ್ದಾಳೆ ಎಂಬುದೇ ಅವನಿಗೆ ಇನ್ನೊಂದು ಸಿಟ್ಟು.

“ಪುಟ್ಟಂದು ನೋಡಿದ್ರೆ ತೊಟ್ಟು ಉದುರೇ ಇಲ್ಲ” ಎಂದಳು ಗಾಜಿನಮ್ಮ. “ಬಾಲ ಸೊಟ್ಟ. ಜೊತೆಗೆ, ಬಲಿತವು ಆ ನಳಿಗೆಯ ಕೊನೇ ತುದೀಲಿ, ಕೆಳಗೆ ಜೋತುಬಿದ್ದಿರೋ ಕಡೆ, ಅಲ್ಲಾಡದೆ ಕಾಯ್ತಿರಬೇಕು. ಹೋರಿಯ ಮೈಯಲ್ಲಿ ತಂಪಾದ ಜಾಗ ಅದು. ಅದಕ್ಕೇ ದೇವರು ಅದನ್ನ ಹೊಟ್ಟೆಯೊಳಗಿಡದೆ ಗಾಳಿಗೆ ನೇತು ಹಾಕಿರೋದು. ಅಲ್ಲಿ ಬಿಸಿಯಾದ್ರೆ ಮುಗೀತು. ಇವನಿಗೆ ಜ್ವರ ಇಲ್ಲ, ಬಾವು ಇಲ್ಲ. ಹಾಗಾದ್ರೆ ಬಿಸಿ ಎಲ್ಲಿಂದ ಬರ್ತಿದೆ? ಅದೊಂದು ಗೊತ್ತಾದ್ರೆ ಸಾಹೇಬರ ಹತ್ರ ಟೈಮ್ ಕೇಳ್ತೀನಿ.”

“ಬಿಸಿ ಅಂತ ಬಿಸಿ. ನೀವೇ ಅಲ್ವಾ ಅವತ್ತು ಅಷ್ಟು ಜನರ ಮುಂದೆ, ಬೆಚ್ಚಗಿರ್ಬೇಕು, ಬೆಚ್ಚಗಿರ್ಬೇಕು ಅಂತ…”

ಅಲ್ಲಿಗೆ ಅಪ್ಪನ ಮಾತು ನಿಂತಿತು. ಬೈಗುಳದ ಮಧ್ಯೆ ಅವನು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನ ಕಣ್ಣು ಮೇವಿನ ಚೀಲಗಳ ಹಿಂದಿನ ಮೊಳೆಯ ಕಡೆ ಹೋಯಿತು. ಅಲ್ಲಿ ಗೋಣಿತಾಟಿನೊಳಗೆ ಅಮ್ಮನ ಮೂರು ಪದರದ ಉಣ್ಣೆಯ ಚೀಲ ನೇತಾಡುತ್ತಿತ್ತು. ನನ್ನ ಕಣ್ಣೂ ಅಲ್ಲೇ ಇತ್ತು.

“ಅದು ಗಾಜಿನ ನಳಿಗೆಗೆ ಹೇಳಿದ್ದು. ಹೊರಗೆ ಬಂದ ಮೇಲಿನ ಮಾತು” ಎಂದಳು ಗಾಜಿನಮ್ಮ, ಏನೂ ಅರಿಯದೆ. “ಒಳಗಿದ್ದಾಗ ತಂಪು, ಹೊರಗೆ ಬಂದಾಗ ಬೆಚ್ಚಗೆ.” ಅಪ್ಪ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಮೂಲೆಗೆ ಹೋಗಿ ಕೂತ. ಮುಚ್ಚಳ ತೆಗೆಯಲಿಲ್ಲ.

ಅವತ್ತು ಸಂಜೆ ಚೀಲ ಮನೆಗೆ ಬಂತು. ಅಪ್ಪ ಅದನ್ನು ಅಮ್ಮನ ಕಡೆ ಎಸೆದ.

“ಇಷ್ಟು ದಪ್ಪ ಹೊಲಿ ಅಂತ ಹೇಳಿದ್ದು ಯಾರು?”

“ನೀವೇರೀ. ನನ್ನ ಗಂಡ ಅನ್ನೋರು ಒಬ್ಬರಿದ್ದಾರೆ, ಅವರೇ ಹೇಳಿದ್ದು” ಎಂದಳು ಅಮ್ಮ.

ನಾನು ಸುಮ್ಮನಿರಲಿಲ್ಲ. “ನಾಳೇನೇ ಹೋಗಿ ಗಾಜಿನಮ್ಮನಿಗೆ ಹೇಳು ಅಪ್ಪ. ಅವಳಿಗೆ ಬೇಕಾಗಿರೋದು ಕಾರಣ ಒಂದೇ. ನಿನ್ನ ಹತ್ರ ಇದೆ.”

“ಚೀಲ ತೆಗೆದಿದ್ದೀನಲ್ಲ. ತಾನೇ ಸರಿ ಹೋಗುತ್ತೆ.”

“ಲಾರಿ ಬರೋದ್ರೊಳಗೆ ಸರಿ ಹೋಗುತ್ತಾ?”

ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವನು ಹೇಳದಿರಲು ಕಾರಣವಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಅಪ್ಪಣೆಯಿಲ್ಲದೆ ಹೋರಿಗೆ ಏನನ್ನಾದರೂ ಮಾಡಿದವನನ್ನು ಕೊಟ್ಟಿಗೆಯಿಂದ ಹೊರಗೆ ಹಾಕುವುದು ಅಲ್ಲಿನ ಕಾನೂನು. ಹೇಳಿದರೆ ಪುಟ್ಟ ಉಳಿಯಬಹುದು, ಅಪ್ಪನಿಗೆ ಪುಟ್ಟ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ‘ತಪ್ಪು ನನ್ನದು’ ಎಂಬ ಎರಡು ಮಾತು ಅವನ ಬಾಯಿಗೆ ಅಭ್ಯಾಸವಿರಲಿಲ್ಲ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ನನಗೆ ಅವನ ಮುಖ ನೋಡಲು ಮನಸ್ಸಿರಲಿಲ್ಲ. ಲೋಕವನ್ನೆಲ್ಲ ಬೈಯಲು ಇದ್ದ ಧೈರ್ಯ ಇದಕ್ಕೆ ಎಲ್ಲಿ ಹೋಯಿತು ಎಂದು ಹಲ್ಲು ಕಚ್ಚಿಕೊಂಡೇ ಡಬ್ಬಿ ಕಟ್ಟುತ್ತಿದ್ದೆ. ಗಾಜಿನಮ್ಮ ತನ್ನಷ್ಟಕ್ಕೇ ಹೋಗಿ ಸಾಹೇಬರನ್ನು ಕೇಳಿದಳಂತೆ. “ಕಾರಣ ಇಲ್ಲದೆ ಕೂರಿಸಿ ತಿನ್ನಿಸೋಕೆ ಇದೇನು ಮಾವನ ಮನೆನಾ?” ಎಂದರಂತೆ.

ಲಾರಿ ಬಂದ ದಿನ ನಾನು ಬೇಕೆಂದೇ ಬೇಗ ಹೋದೆ. ಹಿಂಬದಿಯ ಬಾಗಿಲು ಇಳಿಸಿ ಹಲಗೆ ಇಟ್ಟಿದ್ದರು. ಪುಟ್ಟ ಹಲಗೆಯ ಮುಂದೆ ಕಾಲೂರಿ ನಿಂತಿತ್ತು. ಇಬ್ಬರು ಎಳೆದರು, ಒಬ್ಬ ಹಿಂದಿನಿಂದ ದೂಡಿದ, ಅದು ಕದಲಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು.

“ಉರಿಯಣ್ಣನ್ನ ಕರೀರಿ. ಅವನು ಕರೆದ್ರೆ ಹತ್ತುತ್ತೆ.”

ಅಪ್ಪ ಬಂದ. ಹಗ್ಗ ಹಿಡಿದ. “ಬಾ ಪುಟ್ಟ” ಎಂದ. ಅಷ್ಟು ಹೊತ್ತು ಗೂಟ ಹೊಡೆದಂತೆ ನಿಂತಿದ್ದ ಪ್ರಾಣಿ ತಲೆಯಾಡಿಸಿ ಅವನ ಹಿಂದೆ ಹೊರಟಿತು. ನಂಬಿ ಬರುವುದೆಂದರೆ ಅದು. ಮುಂಗಾಲು ಹಲಗೆಯ ಮೇಲೆ ಬಿತ್ತು, ಹಲಗೆ ಕಿರುಗುಟ್ಟಿತು, ಅಪ್ಪ ಅಲ್ಲಿಯೇ ನಿಂತುಬಿಟ್ಟ. ಅಂಗಿಯೊಳಗೆ ಕೈ ಹಾಕಿ ಉಣ್ಣೆಯ ಚೀಲ ಎಳೆದ. ತಂದಿದ್ದಾನೆಂದು ನನಗೇ ಗೊತ್ತಿರಲಿಲ್ಲ.

“ತಪ್ಪು ನಂದು” ಎಂದು ಕೂಗಿದ. ಬೇರೆ ದನಿ ಗೊತ್ತಿಲ್ಲದ್ದರಿಂದ ಬೈಯುವ ದನಿಯಲ್ಲೇ ಕೂಗಿದ. “ಕೇಳಿಸ್ತಾ ಎಲ್ಲರಿಗೂ? ನಂದು. ರಾತ್ರಿಯೆಲ್ಲ ಇದನ್ನ ಕಟ್ಟಿ ಅವನನ್ನ ಬೇಯಿಸಿದ್ದು ನಾನು. ಅವನಲ್ಲಿ ಏನೂ ಕೆಟ್ಟಿಲ್ಲ. ಮೇಡಂ ಗಾಜೂ ಕೆಟ್ಟಿಲ್ಲ.”

ಗಾಜಿನಮ್ಮ ಕಿಟಕಿ ಬಿಟ್ಟು ಓಡಿ ಬಂದಳು. ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಳಗೆ ಕೈ ಹಾಕಿ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತೆಂದು ಮುಖವೇ ಹೇಳಿತು. “ಸಾರ್, ಕಾರಣ ಸಿಕ್ಕಿತು” ಎಂದಳು. “ಎರಡು ತಿಂಗಳು ಕೊಡಿ. ದಾರೀಲಿರೋವೆಲ್ಲ ಹೋಗಿ ಹೊಸವು ಹುಟ್ಟಿ ಪೂರ್ತಿ ನಳಿಗೆ ದಾಟಿ ಬರಲಿ.”

ಸಾಹೇಬರು ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಲಾರಿಯವನು ಮೊದಲು ನಕ್ಕ, ಆಮೇಲೆ ಉಳಿದವರೆಲ್ಲ. “ಒಳ್ಳೆ ಹೊಲಿಗೆ” ಎಂದರು ಸಾಹೇಬರು. ನಮ್ಮಮ್ಮನ ಹೊಲಿಗೆ ಅದು. ಆ ನಗು ಈಗ ನೆನೆದರೂ ನನ್ನ ಕೈ ಬಿಗಿಯಾಗುತ್ತದೆ. ಮನೆಯಲ್ಲಿ ನಾವು ನಕ್ಕದ್ದು ಬೇರೆ. ಚಳಿಗೆ ನಡುಗುವ ಕೂಸಿಗೆ ಹೊದಿಸುವಂತೆ ಅಪ್ಪ ಅದನ್ನು ಕಟ್ಟಿದ್ದು ನಮಗೆ ಗೊತ್ತಿತ್ತು.

“ಹೋರಿ ಇರ್ಲಿ” ಎಂದರು ಅವರು ಕೊನೆಗೆ. “ನೀವು ಇನ್ಮೇಲೆ ಕೊಟ್ಟಿಗೆಗೆ ಕಾಲಿಡಬಾರದು. ಗೇಟಿನಲ್ಲಿ ಕೂತ್ಕೊಳ್ಳಿ.”

ಹೀಗೆ ಅಪ್ಪ ಗೇಟಿಗೆ ಬಂದ. ಒಂದು ಕುರ್ಚಿ, ಒಂದು ಅಡ್ಡ ಕಂಬಿ, ಬರುವ ಹೋಗುವ ಗಾಡಿ. ಕಾಯುವ ಎರಡು ತಿಂಗಳು ಅವನು ಗಾಡಿಯವರನ್ನೆಲ್ಲ ಬೈದು ಕಳೆದ. ಪುಟ್ಟ ಒಳಗಿನಿಂದ ಗುಟುರು ಹಾಕಿ ಉತ್ತರ ಕೊಡುತ್ತಿತ್ತು. ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ಮಾತಾಡಿಕೊಂಡಿದ್ದರು ಎನ್ನಬಹುದು. ಒಂದು ದಿನ ಗಾಜಿನಮ್ಮ ಬಿಳಿ ಕೋಟಿನಲ್ಲೇ ಗೇಟಿನವರೆಗೆ ನಡೆದು ಬಂದಳು.

“ತೊಟ್ಟೆಲ್ಲ ಉದುರಿದೆ ಅಣ್ಣ. ನೆಟ್ಟಗೆ ಈಜ್ತಿವೆ” ಎಂದಳು. ಅಪ್ಪ ಕಂಬಿಯನ್ನು ಮೇಲೆತ್ತಿದ, ಕೆಳಗಿಳಿಸಿದ. ಯಾವ ಗಾಡಿಯೂ ಬಂದಿರಲಿಲ್ಲ.

ಅವಳು ಅಷ್ಟೇ ಹೇಳಿ ಹೋಗಿದ್ದರೆ ಈ ಕಥೆ ಬರೆಯುವ ಅಗತ್ಯವಿರಲಿಲ್ಲ. “ಇನ್ನೊಂದು ವಿಷಯ” ಎಂದಳು, ಮುಖ ಸಣ್ಣದು ಮಾಡಿಕೊಂಡು. “ಹೊಸಬ ಹಗ್ಗ ಹಿಡಿದಾಗ ಇಲ್ಲಿ ನಿಮ್ಮ ದನಿ ಕೇಳಿಸಿದ್ರೆ ಪುಟ್ಟ ಕೆಲಸ ಮಾಡಲ್ಲ. ಗೇಟಿನ ಕಡೆ ತಿರುಗಿ ನಿಂತುಬಿಡುತ್ತೆ. ಸಾಹೇಬರು ನೋಡಿದ್ರು. ಇನ್ನೊಬ್ಬರ ಕೈಗೆ ಹೊಂದದೆ ಇದ್ರೆ ವಜಾನೇ ಅಂದ್ರು.”

ಅಪ್ಪ ಆ ಕ್ಷಣದಿಂದ ದನಿ ಇಳಿಸಿದ. ಇಡೀ ಜೀವಮಾನ ಅಮ್ಮ ಬೇಡಿಕೊಂಡರೂ ಇಳಿಯದ ದನಿ. ಗಾಡಿಯವರು ಬೈದರೆ ಕತ್ತಿನ ನರ ಉಬ್ಬುತ್ತದೆ, ಬಾಯಿಂದ ಪಿಸುಮಾತು ಬರುತ್ತದೆ. ಮನೆಯಲ್ಲೂ ಅಷ್ಟೇ. “ಇಲ್ಲಾದ್ರೂ ಕೂಗು ಅಪ್ಪ, ಇಲ್ಲಿಂದ ಅದಕ್ಕೆ ಕೇಳಿಸಲ್ಲ” ಎಂದೆ. “ಇಲ್ಲಿ ರೂಢಿ ಬಿಟ್ರೆ ಅಲ್ಲಿ ಬಾಯಿ ಜಾರುತ್ತೆ ಕಣೇ” ಎಂದ. ಇದನ್ನೇ ಚಿಕ್ಕಪ್ಪ ಹಣ್ಣಾಗುವುದು ಎನ್ನುವುದು. ನನಗೆ ಆ ಪಿಸುಮಾತು ಕೇಳಿದಾಗಲೆಲ್ಲ ಎದುರಿಗಿದ್ದದ್ದನ್ನು ಎತ್ತಿ ಎಸೆಯಬೇಕೆನಿಸುತ್ತದೆ.

ಹೋದ ವಾರ ಡಬ್ಬಿ ತೆಗೆದುಕೊಂಡು ಹೋದಾಗ ಒಬ್ಬ ಮೇವಿನ ಲಾರಿಯವನು ಅಪ್ಪನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಕಂಬಿ ಎತ್ತುವುದು ತಡವಾಯಿತಂತೆ. ಮುದುಕ, ಕಿವುಡ, ಇನ್ನೂ ಏನೇನೋ. ಅಪ್ಪ ಕಂಬಿ ಹಿಡಿದುಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಹತ್ತಿರ ನಿಂತ ನನಗೇ ಒಂದಕ್ಷರ ಕೇಳಿಸಲಿಲ್ಲ. ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಡಬ್ಬಿಯನ್ನು ನೆಲಕ್ಕೆ ಕುಕ್ಕಿ, ಅಪ್ಪನ ಹಳೆಯ ಬೈಗುಳಗಳನ್ನೆಲ್ಲ ಅವನದೇ ವರಸೆಯಲ್ಲಿ, ಹೊಟ್ಟೆಯ ತಳದಿಂದ ಎತ್ತಿ ಆ ಲಾರಿಯವನ ಮುಖಕ್ಕೆ ಎಸೆದೆ.

ಕೊಟ್ಟಿಗೆಯ ಒಳಗಿನಿಂದ ಪುಟ್ಟ ಗುಟುರು ಹಾಕಿತು.

ಅಪ್ಪ ಹಾರಿ ಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದ. ಲಾರಿಯವನು ಗಾಡಿ ಸಾಗಿಸಿಕೊಂಡು ಹೋದ. ಪುಟ್ಟ ಮತ್ತೊಮ್ಮೆ ಕೂಗಿತು, ಉತ್ತರಕ್ಕೆ ಕಾಯಿತು, ಇನ್ನೊಮ್ಮೆ ಕೂಗಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಅದು ಸುಮ್ಮನಾಗುವವರೆಗೂ ಅವನು ನನ್ನ ಬಾಯಿಯ ಮೇಲಿನ ಕೈ ತೆಗೆಯಲಿಲ್ಲ. ಆ ಕೈ ತಣ್ಣಗಿತ್ತು.